ನೀರು ಬರುವ ಮೊದಲೇ ತಿಕ್ಕಿಟ್ಟ ಕೊಡ

(ಕ್ರೈಸ್ತ ಸಭೆಯ ಸೇವೆಗೆ ಅಣಿಯಾಗುತ್ತಿರುವ ಯುವಕ ಯುವತಿಯರ ಮುಂದೆ ಧಾರವಾಡದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಳದ ನೀರಿಗಾಗಿ ಕಾಯುವುದೆಂದರೆ ಏನೆಂದು ಗದಗ-ಬೆಟಗೇರಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿ-ಧಾರವಾಡದ ಹಲವು ಓಣಿಗಳವರಿಗೂ ಹೇಳಬೇಕಾಗಿಲ್ಲ. ನಾನು ಹುಡುಗನಾಗಿದ್ದಾಗ ಬೆಟಗೇರಿಯ ನಮ್ಮ ಓಣಿಗೆ ನೀರು ಯಾವ ದಿನ, ಯಾವ ತಾಸಿಗೆ ಬರುತ್ತದೆಂದು ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ. ಆದ್ದರಿಂದ ನನ್ನ ತಾಯಿ ತಾಮ್ರದ ಹಂಡೆಯನ್ನೂ ಕೊಡಗಳನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಬೋರಲು ಹಾಕಿ ಇಟ್ಟಿರುತ್ತಿದ್ದಳು. ನಡುರಾತ್ರಿ ನಳದಲ್ಲಿ ಗಾಳಿಯ ಸಪ್ಪಳ ಕೇಳಿದರೆ ಎದ್ದು ಕೊಡವನ್ನು ತಿರುವಿ ಇಡುವುದಷ್ಟೇ ಉಳಿದ ಕೆಲಸ. ನೀರು ಬಂದ ಮೇಲೆ ಕೊಡ ತಿಕ್ಕಲು ಕುಳಿತವರನ್ನೂ ನಾನು ನೋಡಿದ್ದೇನೆ. ಅವರು ತಿಕ್ಕಿ ಮುಗಿಸುವ ಹೊತ್ತಿಗೆ ನೀರು ನಿಂತಿರುತ್ತಿತ್ತು.

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲನು ತನ್ನ ಕಿರಿಯ ಸಹಸೇವಕ ತಿಮೊಥೆಗೆ ಬರೆದ ಎರಡನೆಯ ಪತ್ರಿಕೆಯ 2ನೆಯ ಅಧ್ಯಾಯದ 20 ಮತ್ತು 21ನೆಯ ವಚನಗಳನ್ನು ಓದುವಾಗಲೆಲ್ಲ ಆ ಬೋರಲು ಹಾಕಿದ ಕೊಡಗಳೇ ನನ್ನ ಕಣ್ಣಿಗೆ ಬರುತ್ತವೆ. ದೊಡ್ಡ ಮನೆಯಲ್ಲಿ ಬೆಳ್ಳಿ ಬಂಗಾರದ ಪಾತ್ರೆಗಳೂ ಇರುತ್ತವೆ, ಮರದ ಹಾಗೂ ಮಣ್ಣಿನ ಪಾತ್ರೆಗಳೂ ಇರುತ್ತವೆ. ಕೆಲವು ಗೌರವದ ಬಳಕೆಗೆ, ಕೆಲವು ಹೀನವಾದ ಬಳಕೆಗೆ. ಯಾವನು ತನ್ನನ್ನು ಶುದ್ಧಮಾಡಿಕೊಳ್ಳುತ್ತಾನೋ ಅವನು ಗೌರವದ ಬಳಕೆಗೆ ತಕ್ಕವನೂ ದೇವರಿಗೆ ಮೀಸಲಾದವನೂ ಯಜಮಾನನಿಗೆ ಉಪಯುಕ್ತನೂ ಎಲ್ಲ ಒಳ್ಳೆಯ ಕೆಲಸಕ್ಕೆ ಸಿದ್ಧನೂ ಆಗಿರುತ್ತಾನೆಂಬುದು ಅಲ್ಲಿಯ ಮಾತಿನ ಸಾರ. ‘ಸಿದ್ಧ’ ಎಂಬ ಆ ಕೊನೆಯ ಪದವನ್ನು ಗಮನಿಸಿರಿ. ಗ್ರೀಕ್ ಮೂಲದಲ್ಲಿ ಅದು, ಹಿಂದೆಯೇ ನಡೆದು ಈಗಲೂ ಹಾಗೆಯೇ ಉಳಿದಿರುವ ಸ್ಥಿತಿಯನ್ನು ಸೂಚಿಸುವ ರೂಪದಲ್ಲಿದೆ. ಕರೆ ಬಂದ ಮೇಲೆ ಸಿದ್ಧನಾಗುವವನ ಮಾತು ಇದಲ್ಲ. ತಿಕ್ಕಿ ಇಟ್ಟಾಗಿದೆ, ನೀರು ಯಾವಾಗಲಾದರೂ ಬರಲಿ ಎಂಬಂತಿರುವವನ ಮಾತು.

ಪಾತ್ರೆ ಯಾವುದರಿಂದ ಮಾಡಿದ್ದು ಎಂಬ ವಿಷಯವನ್ನು ಪೌಲನು ಮುಂದೆ ಎಳೆಯುವುದಿಲ್ಲ. ಇದರಲ್ಲಿ ನನಗೆ ದೊಡ್ಡ ಸಮಾಧಾನವಿದೆ, ಏಕೆಂದರೆ ಮೋಶೆಯ ಧರ್ಮಶಾಸ್ತ್ರವು ಮಣ್ಣಿನ ಪಾತ್ರೆಯ ವಿಷಯದಲ್ಲಿ ಬಹಳ ಕಠಿಣವಾಗಿದೆ. ಯಾಜಕಕಾಂಡದ 15ನೆಯ ಅಧ್ಯಾಯವನ್ನು ನೋಡಿರಿ: ಅಶುದ್ಧನು ಮುಟ್ಟಿದ ಮರದ ಪಾತ್ರೆಯನ್ನು ನೀರಿನಿಂದ ತೊಳೆಯಬಹುದು, ಮಣ್ಣಿನ ಪಾತ್ರೆಯನ್ನಾದರೋ ಒಡೆದುಹಾಕಲೇಬೇಕು. ಮಣ್ಣು ಹೊಲಸನ್ನು ಒಳಗೆ ಹೀರಿಕೊಳ್ಳುತ್ತದೆ, ತೊಳೆದರೂ ಹೋಗುವುದಿಲ್ಲ. ಪೌಲನು ಅದೇ ಧರ್ಮಶಾಸ್ತ್ರವನ್ನು ಕಲಿತು ಬೆಳೆದ ಫರಿಸಾಯ, ಯೆಹೂದ್ಯರ ಕಟ್ಟುನಿಟ್ಟಿನ ಪಂಥದವನು. ಅಂಥವನು ಮಣ್ಣಿನ ಪಾತ್ರೆಗಳಿರುವ ಮನೆಯಲ್ಲಿ ನಿಂತು, ಯಾವನಾದರೂ ತನ್ನನ್ನು ಶುದ್ಧಮಾಡಿಕೊಳ್ಳಬಹುದು ಎನ್ನುತ್ತಾನೆ. ಕ್ರಿಸ್ತನ ರಕ್ತವು ಮಣ್ಣಿನ ರಂಧ್ರಗಳ ಆಳದವರೆಗೂ ಇಳಿದು ತೊಳೆಯುತ್ತದೆಂದು ನಂಬದವನು ಹೀಗೆ ಹೇಳಲಾರ ಎಂದು ನಾನು ಓದಿಕೊಂಡಿದ್ದೇನೆ.

ಇನ್ನು, ಶುದ್ಧತೆ ಎಂದೊಡನೆ ನಮ್ಮ ಮನಸ್ಸಿಗೆ ಏನು ಬರುತ್ತದೆಂಬುದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸೋಣ. ನಾವು ಕನ್ನಡದವರು, ನಮ್ಮ ಕಿವಿಯಲ್ಲಿ ಶುದ್ಧ ಎಂಬ ಪದದ ಹಿಂದೆಯೇ ಮಡಿ ಎಂಬ ಪದ ನಿಂತಿರುತ್ತದೆ. ಮಡಿಯ ನಿಯಮವೆಂದರೆ ದೂರದ ನಿಯಮ: ಮುಟ್ಟಬಾರದು, ಮುಟ್ಟಿಸಿಕೊಳ್ಳಬಾರದು, ಇನ್ನೊಬ್ಬರ ನೆರಳಿನಿಂದಲೂ ತಪ್ಪಿಸಿಕೊಳ್ಳಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ನೆಲೆಸಿದಾಗ ಜಾತಿಯನ್ನು ಸಭೆಯ ಬಾಗಿಲ ಹೊರಗೆ ಬಿಟ್ಟು ಬರಬೇಕೆಂದು ಕಟ್ಟುನಿಟ್ಟು ಮಾಡಿದರು. ನಮ್ಮ ಮುತ್ತಜ್ಜ ಮುತ್ತಜ್ಜಿಯರಲ್ಲಿ ಅನೇಕರು ಒಂದೇ ಪಂಕ್ತಿಯಲ್ಲಿ ಉಣ್ಣುವುದಕ್ಕಾಗಿ ತಮ್ಮ ಮನೆ, ಹೊಲ, ಬಳಗವನ್ನು ಕಳೆದುಕೊಂಡರು. ಹಾಗಿದ್ದರೂ ಮಡಿಯ ನೆನಪು ನಮ್ಮ ಅಡುಗೆಮನೆಗಳಿಂದ ಪೂರ್ತಿಯಾಗಿ ಹೋಗಿದೆಯೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಮಗಳಿಗೆ ವರ ನೋಡುವಾಗ ನಾವು ಸಣ್ಣ ದನಿಯಲ್ಲಿ ಕೇಳುವ ಪ್ರಶ್ನೆಗಳು ಯಾವುವು? ಸೇವೆಗೆ ಸಿದ್ಧರಾಗುವವರು ಮೊದಲು ತಿಕ್ಕಿ ತೆಗೆಯಬೇಕಾದ ಕಿಲುಬು ಇದು. ಇದನ್ನು ಹಾಗೆಯೇ ಬಿಟ್ಟು ಉಳಿದ ಶುದ್ಧತೆಯ ಮಾತಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ನಮ್ಮ ಭಾಗದ ಆಡುಮಾತಿನಲ್ಲಿ ಇನ್ನೊಂದು ಪದವಿದೆ: ಹಸನು. ಜೋಳವನ್ನು ಮೊರದಲ್ಲಿ ಕೇರಿ, ಹೊಟ್ಟು ಹಾರಿಸಿ, ಹರಳು ಆರಿಸಿದರೆ ಜೋಳ ಹಸನಾಗುತ್ತದೆ. ಕಸಕಡ್ಡಿ ಆಯ್ದು, ಕುಂಟೆ ಹೊಡೆದರೆ ಹೊಲ ಹಸನಾಗುತ್ತದೆ. ಹಿರಿಯರು ಮಕ್ಕಳ ತಲೆಯ ಮೇಲೆ ಕೈಯಿಟ್ಟು ಬಾಳು ಹಸನಾಗಲಿ ಎನ್ನುತ್ತಾರೆ. ಮೂರು ಕಡೆಗೂ ಒಂದೇ ಪದ. ಹಸನು ಮಾಡಿದ ಜೋಳ ಗಿರಣಿಗೆ ಹೋಗಬೇಕು, ರೊಟ್ಟಿಯಾಗಬೇಕು, ಹಸಿದವನ ತಾಟಿಗೆ ಬರಬೇಕು. ಹಸನು ಮಾಡಿದ ಹೊಲದಲ್ಲಿ ಬಿತ್ತಬೇಕು. ಬಳಸುವ ಉದ್ದೇಶವಿಲ್ಲದೆ ಯಾರೂ ಹಸನು ಮಾಡುವುದಿಲ್ಲ. ಚೆಂದಗೆ ಹಸನು ಮಾಡಿದ ಕಾಳನ್ನು ಚೀಲ ಕಟ್ಟಿ ಮೂಲೆಯಲ್ಲಿ ಇಟ್ಟುಬಿಟ್ಟರೆ ನುಸಿ ಹಿಡಿಯುತ್ತದೆಂಬುದು ನಿಮ್ಮ ತಾಯಂದಿರಿಗೆ ಗೊತ್ತು. ಪೌಲನು ತಿಮೊಥೆಗೆ ಹೇಳುವ ಶುದ್ಧತೆ ಈ ಹಸನಿನ ಕಡೆಗಿದೆ, ಮಡಿಯ ಕಡೆಗಿಲ್ಲ. ಇಂದು ನಾನು ನಿಮಗೆ ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ.

ಪ್ರವಾದಿಯಾದ ಹಗ್ಗಾಯನ ಗ್ರಂಥದ 2ನೆಯ ಅಧ್ಯಾಯದಲ್ಲಿ ಯಾಜಕರಿಗೆ ಎರಡು ಪ್ರಶ್ನೆಗಳನ್ನು ಕೇಳಲಾಗುತ್ತದೆ. ಒಬ್ಬನು ಮೀಸಲಾದ ಮಾಂಸವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವಾಗ ಆ ಸೆರಗು ರೊಟ್ಟಿಗೋ ಎಣ್ಣೆಗೋ ತಗಲಿದರೆ ಆ ಪದಾರ್ಥವು ಪರಿಶುದ್ಧವಾಗುವುದೋ? ಇಲ್ಲ ಎನ್ನುತ್ತಾರೆ. ಹೆಣ ಮುಟ್ಟಿದವನು ಅದೇ ರೊಟ್ಟಿಯನ್ನು ಮುಟ್ಟಿದರೆ ಅದು ಅಶುದ್ಧವಾಗುವುದೋ? ಹೌದು ಎನ್ನುತ್ತಾರೆ. ಹೊಲಸು ಅಂಟುತ್ತದೆ, ಪರಿಶುದ್ಧತೆ ಅಂಟುವುದಿಲ್ಲ. ಹಳೆಯ ಲೆಕ್ಕ ಅದು. ಈಗ ಸುವಾರ್ತೆಗೆ ಬನ್ನಿರಿ. ಯೇಸು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟುತ್ತಾನೆ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಅವನ ಉಡುಪನ್ನು ಮುಟ್ಟುತ್ತಾಳೆ. ಯಾಯೀರನ ಸತ್ತ ಮಗಳ ಕೈಯನ್ನು ಅವನು ಹಿಡಿಯುತ್ತಾನೆ. ಸುವಾರ್ತೆ ಬರೆದ ಮಾರ್ಕನು ಇವುಗಳಲ್ಲಿ ಕೊನೆಯ ಎರಡನ್ನು ಒಂದರೊಳಗೊಂದು ಹೆಣೆದು ಹೇಳಿದ್ದಾನೆ, ಆ ಹುಡುಗಿಗೂ ಹನ್ನೆರಡು ವರ್ಷವೆಂದು ಮರೆಯದೆ ಬರೆದಿದ್ದಾನೆ. ಮೂರು ಸಲವೂ ಹೊಲಸು ಅವನಿಗೆ ಅಂಟಲಿಲ್ಲ. ಅವನ ಶುದ್ಧತೆಯೇ ಅವರಿಗೆ ಅಂಟಿತು. ಅವನ ಸೇವೆ ಮಾಡಲು ಹೊರಟವರು ಕಾಯ್ದುಕೊಳ್ಳಬೇಕಾದದ್ದು ಇಂಥ ಶುದ್ಧತೆಯನ್ನು. ಆಸ್ಪತ್ರೆಯ ವಾರ್ಡಿನಲ್ಲಿ ಗಾಯ ತೊಳೆಯುವ ನರ್ಸ್ ಆಗಲು ಇಲ್ಲಿಂದ ಹೋಗುತ್ತಿರುವ ಇಬ್ಬರು ಹುಡುಗಿಯರಿಗೆ ಇದು ನನಗಿಂತ ಚೆನ್ನಾಗಿ ತಿಳಿಯುತ್ತದೆ.

ಒಂದು ಸಂಗತಿಯನ್ನು ಇಲ್ಲಿಯೇ ಸೇರಿಸುತ್ತೇನೆ. ನಮ್ಮ ನಾಡಿನಲ್ಲಿ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಬಸವಣ್ಣನವರು ಅಂತರಂಗ ಶುದ್ಧಿ, ಬಹಿರಂಗ ಶುದ್ಧಿ ಎಂಬ ಮಾತುಗಳನ್ನು ಆಡಿದರು. ಆ ಪ್ರಸಿದ್ಧ ವಚನದ ಏಳು ಬೇಡಗಳಲ್ಲಿ ಸ್ನಾನ, ಮುಟ್ಟು, ಊಟದ ಮಾತು ಒಂದೂ ಇಲ್ಲ. ಕಳವು, ಕೊಲೆ, ಸುಳ್ಳು, ಸಿಟ್ಟು, ಪರರ ಬಗೆಗಿನ ಅಸಹ್ಯ, ಆತ್ಮಸ್ತುತಿ, ಪರನಿಂದೆ, ಇಷ್ಟೇ ಇವೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸು ಮನುಷ್ಯನ ಹೃದಯದೊಳಗಿಂದ ಹೊರಟು ಅವನನ್ನು ಹೊಲೆಮಾಡುವ ಸಂಗತಿಗಳನ್ನು ಎಣಿಸುವಾಗಲೂ ಕಳವು, ಕೊಲೆ, ಮೋಸ, ಬೈಗುಳ, ಸೊಕ್ಕು ಎಲ್ಲವೂ ಬರುತ್ತವೆ. ನಿಮ್ಮ ನೆರೆಮನೆಯ ಶರಣರು ನಿಮ್ಮ ನಡತೆಯನ್ನು ಈ ಅಳತೆಗೋಲಿನಿಂದ ನೋಡುತ್ತಿರುತ್ತಾರೆ, ಮತ್ತು ಹಾಗೆ ನೋಡುವ ಹಕ್ಕು ಅವರಿಗೆ ಇದೆ.

ಈಗ ನಾಲಿಗೆಯ ವಿಷಯ. ಪೌಲನು ಪಾತ್ರೆಗಳ ಮಾತನ್ನು ಹೇಳುವ ಮುಂಚೆ ಮತ್ತು ಹೇಳಿದ ನಂತರ ಏನು ಬರೆಯುತ್ತಾನೆಂದು ನೋಡಿದರೆ, ಎರಡೂ ಕಡೆ ಮಾತಿನ ಅಶುದ್ಧತೆಯೇ ಇದೆ: ವಾಗ್ವಾದ, ಹುರುಳಿಲ್ಲದ ಹರಟೆ, ಜಗಳ ಹುಟ್ಟಿಸುವ ತರ್ಕ. ಸೇವೆಯಲ್ಲಿರುವವರಿಗೆ ಇದರ ಜೊತೆಗೆ ಇನ್ನೊಂದು ಶೋಧನೆ, ಅಂದರೆ ಪಾಪದ ಸೆಳೆತ, ಇದೆ. ಸಾಕ್ಷಿ ಹೇಳುವಾಗ ಉಪ್ಪು ಖಾರ ಹಚ್ಚುತ್ತೇವೆ. ಪ್ರಾರ್ಥನೆಗೆ ಮೂವರು ಬಂದಿದ್ದರೆ ಕೆಲವರು ಬಂದಿದ್ದರು ಎಂದು ಆರಂಭಿಸಿ, ವರದಿ ಬರೆಯುವ ಹೊತ್ತಿಗೆ ಮೂವತ್ತಕ್ಕೆ ಮುಟ್ಟಿಸುತ್ತೇವೆ. ಜ್ವರ ತಾನಾಗಿ ಇಳಿದದ್ದನ್ನು ಅದ್ಭುತವೆಂದು ಹೇಳುತ್ತೇವೆ. ದೇವರಿಗೆ ಮಹಿಮೆಯಾಗಲೆಂದು ಹೇಳುವ ಸುಳ್ಳಿಗೆ ದೋಷವಿಲ್ಲವೆಂಬ ಭಾವನೆ ನಮ್ಮಲ್ಲಿದೆ. ಇದು ಬಹಳ ದೊಡ್ಡ ದೋಷವೆಂದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಕಲ್ಮಶವನ್ನು ನಾವು ಅರ್ಪಣೆಯಲ್ಲಿಯೇ ಬೆರೆಸುತ್ತೇವೆ.

ಫರ್ಡಿನಾಂಡ್ ಕಿಟೆಲ್ಲರನ್ನು ನೆನೆಯಿರಿ. ಉಪದೇಶಕರಾಗಿ 1853ರಲ್ಲಿ ಈ ದೇಶಕ್ಕೆ ಬಂದು ನಮ್ಮ ಧಾರವಾಡದ ಸೀಮೆಯಲ್ಲಿ ಕನ್ನಡ ಕಲಿತವರು ಅವರು. ಸುಮಾರು 70 ಸಾವಿರ ಪದಗಳ ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಬಂದ ವರ್ಷಕ್ಕೂ ನಿಘಂಟಿನ ವರ್ಷಕ್ಕೂ ನಡುವೆ 41 ವರ್ಷಗಳಿವೆ. ಹಳಗನ್ನಡ ಕಾವ್ಯದಿಂದ ಹಿಡಿದು ಜನಸಾಮಾನ್ಯರ ಗಾದೆಗಳವರೆಗೆ ಹುಡುಕಿ, ಒಂದು ಪದಕ್ಕೆ ಇಂಥ ಅರ್ಥವಿದೆಯೆಂದು ಬರೆಯುವ ಮೊದಲು ಆಧಾರ ನೋಡಿಕೊಳ್ಳುವ ಕೆಲಸ ಅದು. ಅದನ್ನು ಯಾರೂ ನಿಂತು ನೋಡುತ್ತಿರುವುದಿಲ್ಲ. ಒಂದು ಪದದ ಅರ್ಥವನ್ನು ಊಹಿಸಿ ಬರೆದಿದ್ದರೆ ಹಿಡಿಯುವವರು ಯಾರು? ಆದರೂ ಇಂದಿಗೂ ಕನ್ನಡದ ವಿದ್ವಾಂಸರು ಆ ನಿಘಂಟನ್ನು ತೆರೆಯುತ್ತಾರೆ. ಹುಳುಕಿಲ್ಲದ ಕೆಲಸವೂ ಶುದ್ಧ ಜೀವನದ ಭಾಗವೆಂದು ನಾನು ಅವರನ್ನು ನೋಡಿ ಕಲಿತೆ. ಸಂಡೇ ಸ್ಕೂಲಿನ ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳದೆ ಹೋಗಿ, ಮಕ್ಕಳ ಮುಂದೆ ಬಾಯಿಗೆ ಬಂದದ್ದನ್ನು ಹೇಳಿ ಬರುವ ಶಿಕ್ಷಕನು ಈ ಅರ್ಥದಲ್ಲಿ ಅಶುದ್ಧನೇ.

ದೇಹದ ಶುದ್ಧತೆಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ನಿಮಗೆ ತಿಳಿಯದ್ದೇನೂ ಅದರಲ್ಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೈಯಲ್ಲಿರುವ ಮೊಬೈಲ್ ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೆಂದು ಇಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತು. ಅದನ್ನು ಪಡಸಾಲೆಯಲ್ಲಿ ಚಾರ್ಜಿಗೆ ಹಾಕಿ ಬಂದು ಮಲಗಿರಿ. ಆ ಶೋಧನೆಯ ಮುಂದೆ ಇಚ್ಛಾಶಕ್ತಿಗಿಂತ ಹತ್ತು ಹೆಜ್ಜೆಯ ದೂರ ಹೆಚ್ಚು ಕೆಲಸ ಮಾಡುತ್ತದೆ. ಯೌವನದ ಇಚ್ಛೆಗಳ ಎದುರು ನಿಂತು ಹೋರಾಡೆಂದು ಪೌಲನು ತಿಮೊಥೆಗೆ ಹೇಳಲಿಲ್ಲ, ಅವುಗಳಿಂದ ಓಡಿಹೋಗು ಎಂದ. ಐಗುಪ್ತದಲ್ಲಿ ದಾಸನಾಗಿದ್ದ ಯೋಸೇಫನೂ ಯಜಮಾನ ಪೋಟೀಫರನ ಮನೆಯಲ್ಲಿ, ಯಜಮಾನನ ಹೆಂಡತಿ ಹಿಡಿದೆಳೆದಾಗ ಬಟ್ಟೆಯನ್ನು ಬಿಟ್ಟು ಓಡಿದ. ಅದೇ ಯೋಸೇಫನ ಕೈಯಲ್ಲಿ ಆ ಮನೆಯ ಉಗ್ರಾಣದ ಲೆಕ್ಕವೂ ಇತ್ತು, ಅದರಲ್ಲಿಯೂ ಅವನು ತಪ್ಪಲಿಲ್ಲವೆಂಬುದನ್ನು ನಾವು ಉಪದೇಶಗಳಲ್ಲಿ ಬಿಟ್ಟುಬಿಡುತ್ತೇವೆ. ಅವನಿಗೆ ಸಿಕ್ಕಿದ್ದು ಸೆರೆಮನೆ. ಹದಿನೇಳನೆಯ ವಯಸ್ಸಿನಲ್ಲಿ ಅಣ್ಣಂದಿರಿಂದ ಮಾರಲ್ಪಟ್ಟವನು ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ ಮೂವತ್ತು ವರ್ಷದವನಾಗಿದ್ದ. ಶುದ್ಧವಾಗಿ ಬದುಕಿದರೆ ಬೇಗ ದೊಡ್ಡ ಸೇವೆ ಸಿಗುತ್ತದೆಂದು ಯಾರಾದರೂ ನಿಮಗೆ ಮಾತು ಕೊಟ್ಟರೆ ನಂಬಬೇಡಿರಿ. ಆ 13 ವರ್ಷಗಳನ್ನು ಲೆಕ್ಕ ಹಾಕಿರಿ.

ಹಣದ ವಿಷಯ ಹಾಗಲ್ಲ. ಅದರ ಬಗ್ಗೆ ನಾವು ಸಭೆಗಳಲ್ಲಿ ಬಾಯಿ ಬಿಡುವುದೇ ಕಡಿಮೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಸಮುವೇಲನ ಮೊದಲನೆಯ ಗ್ರಂಥದ 2ನೆಯ ಅಧ್ಯಾಯದಲ್ಲಿ ಬರುವ, ಯಾಜಕ ಏಲಿಯ ಮಕ್ಕಳಾದ ಹೊಫ್ನಿ ಫೀನೆಹಾಸರೂ ಯಾಜಕರು. ಜನರು ಯಜ್ಞದ ಮಾಂಸವನ್ನು ಬೇಯಿಸುತ್ತಿರುವಾಗ ಅವರ ಆಳು ಮೂರು ಮುಳ್ಳಿನ ಕೊಂಡಿಯನ್ನು ಹಿಡಿದು ಬರುತ್ತಿದ್ದ. ಕೊಪ್ಪರಿಗೆಯಲ್ಲಿ ಚುಚ್ಚಿದಾಗ ಬಂದದ್ದೆಲ್ಲ ಯಾಜಕನ ಪಾಲು. ಕೆಲವೊಮ್ಮೆ ಕೊಬ್ಬನ್ನು ದೇವರಿಗೆ ಅರ್ಪಿಸುವ ಮೊದಲೇ ಹಸಿ ಮಾಂಸ ಕೊಡು, ಇಲ್ಲದಿದ್ದರೆ ಬಲವಂತವಾಗಿ ತೆಗೆದುಕೊಳ್ಳುತ್ತೇನೆ ಎನ್ನುತ್ತಿದ್ದ. ಇಸ್ರಾಯೇಲ್ಯರ ಆರಾಧನೆಯ ಸ್ಥಳವಾದ ದೇವದರ್ಶನ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರೊಂದಿಗೆ ಅವರ ನಡತೆ ಎಂಥದ್ದೆಂಬುದೂ ಅದೇ ಅಧ್ಯಾಯದಲ್ಲಿದೆ. ಕಾಣಿಕೆಯಲ್ಲಿ ಕೈಯಾಡಿಸುವುದೂ ಹೆಣ್ಣುಮಕ್ಕಳ ಮೇಲೆ ಕೈಹಾಕುವುದೂ ಒಂದೇ ಮನೆಯಲ್ಲಿ ಬೆಳೆದ ಪಾಪಗಳು. ಅವರು ಕರ್ತನ ನೈವೇದ್ಯವನ್ನು ಹೀನೈಸಿದರು ಎನ್ನುತ್ತದೆ ಗ್ರಂಥ. ಯಾಜಕನು ಕದ್ದರೆ ಜನರು ಯಾಜಕನನ್ನು ಮಾತ್ರ ಬಿಡುವುದಿಲ್ಲ, ದೇವರ ಬಾಗಿಲಿಗೆ ಬರುವುದನ್ನೇ ಬಿಡುತ್ತಾರೆ.

ಅದೇ ಮನೆಯಲ್ಲಿ, ದೇವರ ದೀಪದ ಬೆಳಕಿನಲ್ಲಿ, ಮುಂದೆ ಪ್ರವಾದಿಯಾದ ಬಾಲಕ ಸಮುವೇಲನು ಮಲಗುತ್ತಿದ್ದ. ನಮ್ಮ ಸುತ್ತ ಎಲ್ಲರೂ ಹಾಗೆಯೇ ಇದ್ದಾರೆ, ನಾನೊಬ್ಬ ಏನು ಮಾಡಲಿ ಎನ್ನುವವರು ಇವನನ್ನು ನೋಡಬೇಕು. ಮುಪ್ಪಿನಲ್ಲಿ ಅವನು ಇಸ್ರಾಯೇಲ್ಯರೆಲ್ಲರ ಮುಂದೆ ನಿಂತು, ನಾನು ಯಾರ ಎತ್ತನ್ನು ತೆಗೆದುಕೊಂಡೆ, ಯಾರ ಕತ್ತೆಯನ್ನು ತೆಗೆದುಕೊಂಡೆ, ಯಾರ ಕೈಯಿಂದ ಲಂಚ ಪಡೆದು ಕಣ್ಣು ಮುಚ್ಚಿಕೊಂಡೆ, ಹೇಳಿರಿ, ಹಿಂದಕ್ಕೆ ಕೊಡುತ್ತೇನೆ ಎಂದು ಕೇಳಿದ. ಯಾರೂ ಎದ್ದು ನಿಲ್ಲಲಿಲ್ಲ. ಒಕ್ಕಲುತನದ ಊರುಗಳಲ್ಲಿ ಬೆಳೆದ ನಮಗೆ ಎತ್ತಿನ ಲೆಕ್ಕ ಎಂಥದ್ದೆಂದು ಗೊತ್ತು. ಸಮುವೇಲನ ಸ್ವಂತ ಮಕ್ಕಳು ಅಷ್ಟರಲ್ಲಾಗಲೇ ಲಂಚಕ್ಕೆ ಬಿದ್ದಿದ್ದರೆಂಬುದನ್ನೂ ಗ್ರಂಥ ಮುಚ್ಚಿಡುವುದಿಲ್ಲ. ತಂದೆ ತಿಕ್ಕಿದ ಕೊಡ ಮಗನ ಕೈಯಲ್ಲಿ ಕಿಲುಬು ಹಿಡಿಯಬಹುದು. ಪ್ರತಿಯೊಬ್ಬರೂ ತಾವೇ ತಿಕ್ಕಿಕೊಳ್ಳಬೇಕು.

ನನ್ನ ಮಾತನ್ನೂ ಹೇಳಬೇಕು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ನಮ್ಮ ಸಭೆಯ ಯುವಜನ ಸಂಘದ ಖಜಾಂಚಿಯಾಗಿದ್ದೆ. ಪರೀಕ್ಷೆಯ ಶುಲ್ಕ ಕಟ್ಟಲು ಕೊನೆಯ ದಿನ ಬಂದಾಗ ಕಾಣಿಕೆಯ ಚೀಲದಿಂದ 300 ರೂಪಾಯಿ ತೆಗೆದುಕೊಂಡೆ. ಹದಿನೆಂಟು ದಿನಗಳಲ್ಲಿ ಹಿಂದಕ್ಕೆ ಹಾಕಿದೆ. ಪುಸ್ತಕದ ಲೆಕ್ಕ ಸರಿಯಾಗಿತ್ತು, ಯಾರಿಗೂ ತಿಳಿಯಲಿಲ್ಲ, ಯಾರಿಗೂ ನಷ್ಟವಾಗಲಿಲ್ಲ. ಮುಂದಿನ ತಿಂಗಳು ತನ್ನಲ್ಲಿದ್ದ ಎರಡೇ ಕಾಸನ್ನೂ ಕಾಣಿಕೆಗೆ ಹಾಕಿದ ಬಡ ವಿಧವೆಯ ಕುರಿತು ಮಾತಾಡಲು ನನ್ನನ್ನು ಕೇಳಿದರು. ಎದ್ದು ನಿಂತೆ, ವಚನವನ್ನು ಓದಿದೆ, ಮುಂದೆ ಮಾತು ಬರಲಿಲ್ಲ. ಮೈಗೆ ಸ್ವಸ್ಥವಿಲ್ಲವೆಂದು ಹೇಳಿ ಕುಳಿತೆ. ಅದು ಎರಡನೆಯ ಸುಳ್ಳು. ಹಣ ಹಿಂದಕ್ಕೆ ಬಂದಿತ್ತು, ನಾನು ಮಾತ್ರ ಬಳಕೆಗೆ ಬಾರದ ಪಾತ್ರೆಯಾಗಿದ್ದೆ. ಆ ವಾರದ ಬುಧವಾರ ಸಭೆಯ ಹಿರಿಯರೊಬ್ಬರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸಂಘದ ಮುಂದೆ ಇದನ್ನೇ ಹೇಳು ಎಂದರು. ಹೇಳಿದೆ. ಖಜಾಂಚಿಯ ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ಉಪಯುಕ್ತ ಎಂಬ ಪದಕ್ಕೆ ಈಗ ಹಿಂದಿರುಗುತ್ತೇನೆ. ಯಜಮಾನನಿಗೆ ಉಪಯುಕ್ತನು ಎಂದು ಪೌಲನು ಬರೆದಾಗ ಬಳಸಿದ ಗ್ರೀಕ್ ಪದ ‘ಯೂಖ್ರೆಸ್ಟೊಸ್’. ಹೊಸ ಒಡಂಬಡಿಕೆಯಲ್ಲಿ ಆ ಪದ ಮೂರೇ ಸಲ ಬರುತ್ತದೆ. ಒಂದು ಇಲ್ಲಿ. ಇನ್ನೊಂದು, ಯಜಮಾನನ ಮನೆಯಿಂದ ಓಡಿಹೋಗಿದ್ದನೆಂದು ಹೇಳಲಾಗುವ ದಾಸ ಒನೇಸಿಮನ ವಿಷಯದಲ್ಲಿ. ಮೂರನೆಯದು ಇದೇ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ, ಮಾರ್ಕನ ವಿಷಯದಲ್ಲಿ. ಪೌಲನ ಮೊದಲ ಪ್ರಯಾಣದಲ್ಲಿ ಪಂಫುಲ್ಯದಿಂದ ಅರ್ಧಕ್ಕೇ ಬಿಟ್ಟು ಮನೆಗೆ ಹಿಂದಿರುಗಿದ ಮಾರ್ಕ ಇವನೇ. ಇವನನ್ನು ಮತ್ತೆ ಕರೆದುಕೊಳ್ಳಬೇಕೋ ಬೇಡವೋ ಎಂಬ ಮಾತಿಗೆ ಪೌಲನೂ ಅವನ ಸಹಪ್ರಯಾಣಿಕ ಬಾರ್ನಬನೂ ತೀಕ್ಷ್ಣವಾಗಿ ಜಗಳವಾಡಿ ಬೇರೆಯಾದರು. ಬಾರ್ನಬನು ಅವನನ್ನು ಜೊತೆಗೆ ಕರೆದುಕೊಂಡು ಕುಪ್ರಕ್ಕೆ ಹೋದ. ವರ್ಷಗಳ ನಂತರ ಸೆರೆಮನೆಯಲ್ಲಿ ಕುಳಿತ ಪೌಲನು, ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ನನಗೆ ಉಪಯುಕ್ತನು ಎಂದು ಬರೆಯುತ್ತಾನೆ. ಎಂದೂ ಬೀಳದವರಿಗಾಗಿ ಈ ಪದವನ್ನು ಇಟ್ಟಿದ್ದರೆ ಅದು ಅವನ ಹೆಸರಿನ ಪಕ್ಕದಲ್ಲಿ ಬರುತ್ತಿರಲಿಲ್ಲ.

ದೇವದರ್ಶನ ಗುಡಾರಕ್ಕೂ ಯಜ್ಞವೇದಿಗೂ ನಡುವೆ ಒಂದು ತಾಮ್ರದ ತೊಟ್ಟಿ ಇತ್ತು. ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರು ಕೊಟ್ಟ ಕನ್ನಡಿಗಳಿಂದ ಅದನ್ನು ಮಾಡಿದರೆಂದು ವಿಮೋಚನಕಾಂಡ ಹೇಳುತ್ತದೆ. ಮುಖ ನೋಡಿಕೊಳ್ಳುವ ಕನ್ನಡಿ ಕೈಕಾಲು ತೊಳೆಯುವ ತೊಟ್ಟಿಯಾಯಿತು. ಯಾಜಕನು ಪಟ್ಟಕ್ಕೆ ಬಂದ ದಿನ ಒಮ್ಮೆ ಮೈಯೆಲ್ಲ ತೊಳೆಸಿಕೊಂಡರೂ, ಸೇವೆಗೆ ಹೋಗುವ ಪ್ರತಿ ಸಲವೂ ಅಲ್ಲಿ ಕೈಕಾಲು ತೊಳೆಯಬೇಕಾಗಿತ್ತು. ಸ್ನಾನವಾದವನಿಗೆ ಕಾಲು ತೊಳೆದರೆ ಸಾಕು ಎಂದು ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳಿದ್ದೂ ಇದನ್ನೇ. ಮಳೆಗಾಲದಲ್ಲಿ ನರಗುಂದ, ನವಲಗುಂದದ ಎರೆ ಹೊಲಗಳಲ್ಲಿ ನಡೆದವರಿಗೆ ತಿಳಿದಿದೆ, ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕಾಲಿಗೆ ಸೇರಿನಷ್ಟು ಮಣ್ಣು ಮೆತ್ತಿರುತ್ತದೆ. ಮಣ್ಣು ಮೆತ್ತುತ್ತದೆಂದು ಯಾವ ಒಕ್ಕಲಿಗನೂ ಹೊಲಕ್ಕೆ ಹೋಗುವುದನ್ನು ಬಿಡುವುದಿಲ್ಲ. ಹಾಗೆಯೇ ಮಣ್ಣುಗಾಲಿನಲ್ಲಿ ಯಾರೂ ಅಡುಗೆಮನೆಗೆ ಬರುವುದಿಲ್ಲ. ಪ್ರತಿ ದಿನ ರಾತ್ರಿ ಐದು ನಿಮಿಷ ಕುಳಿತು, ಇಂದು ಏನು ಮೆತ್ತಿತು ಎಂದು ಹೆಸರಿಟ್ಟು ಹೇಳಿ ತೊಳೆದುಕೊಳ್ಳಿರಿ. ಒಟ್ಟಾರೆ ನನ್ನ ಪಾಪಗಳನ್ನು ಕ್ಷಮಿಸು ಎಂಬ ಪ್ರಾರ್ಥನೆಯಲ್ಲಿ ಮಣ್ಣು ಬಿಡುವುದಿಲ್ಲವೆಂಬುದು ನನ್ನ ಅನುಭವ.

ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲನು ಒಬ್ಬನೇ ಒಯ್ಯಲು ಒಪ್ಪಲಿಲ್ಲ. ಇಷ್ಟು ದೊಡ್ಡ ದಾನದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸದಂತೆ ನೋಡಿಕೊಳ್ಳುತ್ತೇವೆಂದು ಕೊರಿಂಥದವರಿಗೆ ಬರೆದು, ಸಹಸೇವಕ ತೀತನ ಜೊತೆಗೆ ಇನ್ನಿಬ್ಬರನ್ನು ಕಳಿಸಿದ. ಅಪೊಸ್ತಲನಾದ ಪೌಲನೇ ತನ್ನೊಬ್ಬನ ಕೈಯನ್ನು ನಂಬಿ ಕೂಡದಿದ್ದರೆ ನೀವೂ ನಾನೂ ಕೂಡಬೇಕೇ? ಹಣವಿರಲಿ, ಹೆಣ್ಣುಮಕ್ಕಳೊಂದಿಗಿನ ಆಪ್ತ ಸಮಾಲೋಚನೆಯಿರಲಿ, ಬಾಗಿಲು ತೆರೆದಿರಲಿ, ಇನ್ನೊಬ್ಬರು ಇರಲಿ.

ನಾನು ಖಜಾಂಚಿಯ ಕೆಲಸ ಬಿಟ್ಟು ಒಂದು ವರ್ಷ ಕಳೆದಿತ್ತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅದೇ ಹಿರಿಯರು ನನ್ನನ್ನು ಒಳಗಿನ ಕೋಣೆಗೆ ಕರೆದು, ಕಾಣಿಕೆಯ ಚೀಲವನ್ನು ಮೇಜಿನ ಮೇಲೆ ನನ್ನ ಮುಂದೆ ಸುರುವಿದರು. ನಾನು ಹಿಂದಕ್ಕೆ ಸರಿದೆ. ಅವರು ಕುರ್ಚಿಯನ್ನು ಎಳೆದುಕೊಂಡು, “ಎಣಸು, ನಾನೂ ಬಾಜೂಕ ಕುಂದರತೇನಿ” ಎಂದರು. ಹೆಚ್ಚಿನದೆಲ್ಲ ಚಿಲ್ಲರೆಯೇ ಇತ್ತು. ನಾನು ಎಣಿಸಿದೆ, ಅವರು ಇನ್ನೊಮ್ಮೆ ಎಣಿಸಿದರು, 214 ರೂಪಾಯಿ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು.